ಮೇಯಲು ಹೋಗುವ ಫೋನುಗಳು

ಮುಂದಿನ ತಲೆಮಾರಿನ ಬುದ್ಧಿವಂತ ನಿಸ್ತಂತು ಜಾಲಗಳ ಕುರಿತು ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವಳು ನಾನು. ಮನೆಗೆ ಬಂದವರಿಗೆಲ್ಲ ಅಪ್ಪ ಈ ಮಾತನ್ನು ಒಂದು ಪದವನ್ನೂ ಬಿಡದೆ ಹೇಳುತ್ತಾರೆ. ಬಂದವರು “ಹೌದ್ರಿ?” ಎಂದು ಚಹಾ ಕುಡಿಯುತ್ತಾರೆ. ಯಾರಾದರೂ ಅದೇನೆಂದು ವಿವರ ಕೇಳಿದರೆ, ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ನಾನು ಒಳಗೆ ಹೋಗಿಬಿಡುತ್ತೇನೆ. ವಿಷಯ ಕಠಿಣ, ಅವರಿಗೆ ತಿಳಿಯುವುದಿಲ್ಲ ಎಂಬ ಸಬೂಬನ್ನು ನನಗೇ ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ವಿಷಯ ಬಹಳ ಸುಲಭ, ಯಾರಿಗಾದರೂ ತಿಳಿಯುತ್ತದೆ. ತಿಳಿದರೆ ನಗುತ್ತಾರೆ.

ನಮ್ಮದು ಕೊಟ್ಟೂರು. ಅಪ್ಪ ಗುಮಾಸ್ತರಾಗಿ ನಿವೃತ್ತರಾದವರು. ನಮ್ಮ ಮನೆತನದಲ್ಲಿ ತಿಂಗಳ ಸಂಬಳ ಕಂಡವರಲ್ಲಿ ಅವರೇ ಮೊದಲಿಗರು. ಪಡಸಾಲೆಯ ಗೋಡೆಗೆ ಬುದ್ಧನ ಪಟ, ಅದರ ಕೆಳಗಿನ ಕಪಾಟಿನಲ್ಲಿ ನನ್ನ ಅಂಕಪಟ್ಟಿಗಳು. ಎರಡರ ಮೇಲೂ ಅಪ್ಪ ಧೂಳು ಕೂರಲು ಬಿಟ್ಟವರಲ್ಲ. ನಾನು ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಸೇರಿದ ದಿನ ಅವರು ಇಡೀ ಓಣಿಗೆ ಪೇಡೆ ಹಂಚಿದ್ದರು. ನಾನು ಏನು ಹುಡುಕಲು ಹೊರಟಿದ್ದೇನೆ ಎಂದು ಅವರು ಕೇಳಲಿಲ್ಲ. ಹುಡುಕುವವರ ಸಾಲಿಗೆ ಮಗಳು ಸೇರಿದ್ದೇ ಅವರಿಗೆ ಸಾಕಾಗಿತ್ತು.

ನನ್ನ ಗೈಡ್ ನಿಜಕ್ಕೂ ಜಾಣರು. ಹಲಗೆಯ ಮುಂದೆ ನಿಂತು ಗಣಿತ ಬರೆಯತೊಡಗಿದರೆ ನೋಡುತ್ತಲೇ ಇರಬೇಕು ಅನಿಸುತ್ತಿತ್ತು. ತೊಂದರೆ ಇದ್ದದ್ದು ಅವರು ಹಲಗೆ ಬಿಟ್ಟು ಈಚೆ ಬಂದಾಗ. ಮನುಷ್ಯರನ್ನು ಅವರು ಮನುಷ್ಯರು ಎಂದು ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರೂ ‘ಯೂಸರ್’ಗಳು. ಹಳ್ಳಿಯವರು ‘ರೂರಲ್ ಯೂಸರ್’ಗಳು. ಮನೆಯಲ್ಲಿ ಫೋನ್ ಇಲ್ಲದವರಿಗೆ ‘ಪೊಟೆನ್ಶಿಯಲ್ ಯೂಸರ್’ ಎಂಬ ಹೆಸರು. ಅವರ ಲೆಕ್ಕದಲ್ಲಿ ನಮ್ಮ ಅವ್ವ ಹುಟ್ಟಿದಾಗಿನಿಂದ ಯೂಸರ್ ಆಗುವುದಕ್ಕೇ ಕಾಯುತ್ತಿದ್ದಳು.

ಯೋಜನೆ ಕೇಳಲು ಚೆಂದವಾಗಿತ್ತು. ಈಗಿನ ಟವರುಗಳು ದಡ್ಡ, ಜನ ಇರಲಿ ಬಿಡಲಿ ಎಲ್ಲ ಕಡೆಗೂ ಸಿಗ್ನಲ್ ಚೆಲ್ಲುತ್ತವೆ. ನಾಳಿನ ಜಾಲ ಬುದ್ಧಿವಂತ. ಜನ ಯಾವ ಹೊತ್ತಿಗೆ ಎಲ್ಲಿರುತ್ತಾರೆ ಎಂದು ತಾನೇ ಕಲಿತು, ತರಂಗವನ್ನು ಟಾರ್ಚಿನ ಬೆಳಕಿನಂತೆ ಅತ್ತ ಮಾತ್ರ ಹಾಯಿಸುತ್ತದೆ. ಜನ ನಡೆದರೆ ಬೆಳಕೂ ಅವರ ಹಿಂದೆ ನಡೆಯುತ್ತದೆ. ಇದನ್ನು ಹಿಂದುಳಿದ ಪ್ರದೇಶದಲ್ಲಿ ಮಾಡಿ ತೋರಿಸಿದರೆ ಅನುದಾನ ಸಿಗುತ್ತಿತ್ತು. ಗೈಡ್ ಒಂದು ನಕ್ಷೆ ತೆಗೆದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಕಪ್ಪು ಬಣ್ಣ ಬಳಿದು, ಮೇಲೆ ‘ಡಿಜಿಟಲ್ ಕತ್ತಲೆ’ ಎಂದು ಬರೆದರು. ನಾನು ಕತ್ತಲೆಯಲ್ಲಿ ಬೆಳೆದವಳು ಎಂಬುದು ನನಗೆ ಗೊತ್ತಾದದ್ದು ಆಗಲೇ. ಆ ಕತ್ತಲೆಯ ಭಾಷೆ ಬರುವವರು ಯಾರಾದರೂ ಬೇಕಿತ್ತು. ಅದಕ್ಕೇ ನನ್ನನ್ನು ಆರಿಸಿದ್ದರು.

ಮೊದಲ ವರ್ಷ ಬಾಡಿಗೆ ಕಾರಿನ ಮುಂದುಗಡೆ ನಾಲ್ಕು ಫೋನುಗಳನ್ನು ಟೇಪಿನಿಂದ ಅಂಟಿಸಿಕೊಂಡು ಐದೂ ತಾಲ್ಲೂಕು ಸುತ್ತಿದೆ. ಹಂಪಸಾಗರದ ಹೊಳೆದಂಡೆ, ಮೈಲಾರದ ರಸ್ತೆ, ಉಚ್ಚಂಗಿದುರ್ಗದ ಬುಡ, ಎಲ್ಲ ಕಡೆ ಕಾರು ಹೋದಷ್ಟು ದೂರ ಅಳತೆ ಮಾಡಿದೆವು. ಕಾರು ಹೋಗದ ಕಡೆ ಅಳತೆ ಇಲ್ಲ. ನಾವು ಮುಂದಿನ ತಲೆಮಾರಿನವರಾದ್ದರಿಂದ ಇಳಿದು ನಡೆಯುವ ಪದ್ಧತಿ ಇರಲಿಲ್ಲ. ಹಡಗಲಿಯ ಹತ್ತಿರ ಮಲ್ಲಿಗೆ ಬಿಡಿಸುತ್ತಿದ್ದ ಹೆಂಗಸೊಬ್ಬಳು ಕಾರಿನೊಳಗೆ ಇಣುಕಿ, “ಏನವಾ, ನಾಕು ಫೋನು ಇಟಗೊಂಡಿ, ಒಂದರಾಗೂ ಮಾತಾಡವಲ್ಲಿ?” ಎಂದಿದ್ದಳು. ನಗುತ್ತ ಕಿಟಕಿಯ ಗಾಜು ಏರಿಸಿದೆ.

ಎರಡನೆಯ ವರ್ಷ ಪ್ರಯೋಗಕ್ಕೆ ಒಂದೇ ಊರನ್ನು ಆರಿಸಿಕೊಳ್ಳಬೇಕಾಯಿತು. ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಹೇಳಿದವಳು ನಾನೇ. ಅದು ನನ್ನ ಚಿಗವ್ವನ ಊರು. ಚಿಗವ್ವ ಎಂದರೆ ಅವ್ವನ ತಂಗಿ. ಆ ಊರಿಗೆ ಸೊಸೆಯಾಗಿ ಹೋಗಿ, ಅಲ್ಲಿಯೇ ಅಂಗನವಾಡಿ ಟೀಚರ್ ಆಗಿದ್ದಳು. ಊರಿನ ಮೂಡಲಕ್ಕೆ ಬಂಡೆಗಲ್ಲಿನ ಗುಡ್ಡ, ನಡುವೆ ನೀರಿನ ಎತ್ತರದ ಟ್ಯಾಂಕು, ಪಡುವಲಕ್ಕೆ ಕಾಲೋನಿ. ಅಂಗನವಾಡಿ ಇದ್ದದ್ದು ಕಾಲೋನಿಯ ತುದಿಯಲ್ಲಿ. ಸಿಗ್ನಲ್ ಸಿಗುತ್ತಿದ್ದದ್ದು ಗುಡ್ಡದ ಅರ್ಧ ಏರಿದ ಮೇಲೆ, ಅದೂ ಒಂದು ಮಗ್ಗುಲಿಗೆ ಮಾತ್ರ.

ಚಿಗವ್ವನ ಕಷ್ಟ ನನಗೆ ಮೊದಲೇ ಗೊತ್ತಿತ್ತು. ಬಸುರಿಯರಿಗೂ ಬಾಣಂತಿಯರಿಗೂ ಕಾಳು, ಬೆಲ್ಲ, ಶೇಂಗಾ ಕೊಡಬೇಕಾದರೆ ಸರ್ಕಾರದ ಫೋನಿನಲ್ಲಿ ಅವರವರ ಮುಖ ತೋರಿಸಬೇಕಿತ್ತು. ಫೋನು ಕಣ್ಣು ಮಿಟುಕಿಸು ಎಂದರೆ ಅವರು ಮಿಟುಕಿಸಬೇಕು, ಅದು ಹೌದು ಇವಳೇ ಎಂದರೆ ಮಾತ್ರ ಕೊಟ್ಟದ್ದು ದಾಖಲಾಗುತ್ತದೆ. ದಾಖಲಾಗದಿದ್ದರೆ ಮುಂದಿನ ತಿಂಗಳು ಆ ಹೆಂಗಸಿನ ಪಾಲು ಬರುವುದಿಲ್ಲ. ಇದಕ್ಕೆಲ್ಲ ನೆಟ್‌ವರ್ಕ್ ಬೇಕು. ಹಾಗಾಗಿ ಚಿಗವ್ವ ತಿಂಗಳಿಗೊಮ್ಮೆ ಬಸುರಿಯರನ್ನೆಲ್ಲ ಕರೆದುಕೊಂಡು ಗುಡ್ಡ ಹತ್ತುತ್ತಿದ್ದಳು. ಎಂಟು ತಿಂಗಳಾದವರೂ ಹತ್ತುತ್ತಿದ್ದರು. ಬಂಡೆಯ ಮೇಲೆ ಸಾಲಾಗಿ ನಿಂತು, ಏದುಸಿರು ಬಿಡುತ್ತ, ಫೋನಿಗೆ ಕಣ್ಣು ಮಿಟುಕಿಸಿ ಇಳಿದು ಬರುತ್ತಿದ್ದರು.

“ನಿನ್ನ ಬುದ್ಧಿವಂತ ಜಾಲ ಏನಾರ ಇರಲಿ,” ಎಂದಳು ಚಿಗವ್ವ. “ಈ ಅಂಗನವಾಡಿ ಒಳಗ ಸಿಗ್ನಲ್ ಬರ್ತತೇನು, ಅಷ್ಟು ಹೇಳು.”

“ಬರ್ತತಿ ಚಿಗವ್ವ. ಅದಕ್ಕ ಈ ಊರು ಹೇಳೇನಿ,” ಎಂದೆ.

ಆ ಮಾತು ಹೇಳುವಾಗ ನಾನು ಸುಳ್ಳು ಹೇಳುತ್ತಿರಲಿಲ್ಲ. ಚಿಗವ್ವ ನನ್ನ ಮಾತು ನಂಬಿ ಮನೆಮನೆಗೆ ಕರೆದುಕೊಂಡು ಹೋದಳು. “ನಮ್ಮ ಅಕ್ಕನ ಮಗಳು, ಸಿಗ್ನಲ್ ತರಾಕತ್ಯಾಳ” ಎಂದು ಹೇಳಿ ಮನೆಯ ಫೋನುಗಳಿಗೆಲ್ಲ ನಮ್ಮ ಆ್ಯಪ್ ಹಾಕಿಸಿದಳು. ಫೋನು ಎಲ್ಲಿದೆ, ಅದಕ್ಕೆ ಎಷ್ಟು ಸಿಗ್ನಲ್ ಇದೆ ಎಂದು ಅದು ಬರೆದುಕೊಳ್ಳುತ್ತಿತ್ತು. ನಾನು ವಿಶ್ವವಿದ್ಯಾಲಯಕ್ಕೆ ಮರಳಿ, ಲ್ಯಾಬಿನ ತಂಪಿನಲ್ಲಿ ಕುಳಿತು, ಊರಿನ ಬದುಕು ಪರದೆಯ ಮೇಲೆ ಮೂಡುವುದನ್ನು ಕಾದೆ.

ಮೂಡಿತು. ಮೂರು ತಿಂಗಳ ಮಾಹಿತಿ ಕಲಿತು ನಮ್ಮ ಬುದ್ಧಿವಂತ ಜಾಲ ಒಂದು ಸೋಜಿಗ ಕಂಡುಹಿಡಿಯಿತು. ಬೆಳಗಾಗುತ್ತಲೇ ಊರಿನ ಜನ ಒಟ್ಟಾಗಿ ಮೂಡಲ ಗುಡ್ಡ ಏರುತ್ತಾರೆ. ದಿನವಿಡೀ ಗುಂಪು ಬಿಡದೆ ಗುಡ್ಡದ ಮೇಲೆ ನಿಧಾನವಾಗಿ ಅಲೆಯುತ್ತಾರೆ. ಮಧ್ಯಾಹ್ನ ಒಂದು ಮರದ ಹತ್ತಿರ ನಿಲ್ಲುತ್ತಾರೆ. ಸಂಜೆಗೆ ಒಟ್ಟಾಗಿ ಇಳಿಯುತ್ತಾರೆ. ಮನೆಗಳಲ್ಲಿ, ಕಾಲೋನಿಯಲ್ಲಿ ಯಾರೂ ಇಲ್ಲ.

ಗೈಡ್‌ಗೆ ಖುಷಿಯೋ ಖುಷಿ. ಇಷ್ಟು ಅಚ್ಚುಕಟ್ಟಾಗಿ ಗುಂಪಿನಲ್ಲಿ ನಡೆಯುವ ಯೂಸರ್‌ಗಳನ್ನು ಅವರು ಯಾವ ನಗರದಲ್ಲೂ ಕಂಡಿರಲಿಲ್ಲ. “ಇದು ಯಾವುದೋ ಕಲೆಕ್ಟಿವ್ ಲೇಬರ್ ಪ್ಯಾಟರ್ನ್. ಬುಡಕಟ್ಟಿನ ಜೀವನಕ್ರಮ ಇರಬಹುದು,” ಎಂದು ಅವರೇ ಒಂದು ಸಿದ್ಧಾಂತ ಕಟ್ಟಿದರು. ನನ್ನ ಚಿಗವ್ವನ ಊರು ಅದು. ಅಲ್ಲಿ ಯಾರ ಜೀವನಕ್ರಮವೂ ಹಾಗಿಲ್ಲ ಎಂದು ನನಗೆ ಗೊತ್ತಿತ್ತು. ಒಮ್ಮೆ ಊರಿಗೆ ಹೋಗಿ ಚಿಗವ್ವನನ್ನು ಕೇಳಬಹುದಿತ್ತು. ಕೇಳಲಿಲ್ಲ. ಪರದೆ ಅಷ್ಟು ಸುಂದರವಾಗಿತ್ತು, ಪ್ರಬಂಧ ಕಳುಹಿಸುವ ಗಡುವು ಹತ್ತಿರವಿತ್ತು. ಪ್ರಬಂಧ ಬರೆದೆವು. ಒಪ್ಪಿಗೆಯೂ ಆಯಿತು.

ಆಮೇಲೆ ಊರಿಗೆ ಹೋದೆ. ಮುಂದಿನ ಹಂತದಲ್ಲಿ ಟ್ಯಾಂಕಿನ ಮೇಲೆ ಆಂಟೆನಾ ಪ್ಯಾನೆಲ್ ಕೂಡಿಸಬೇಕಿತ್ತು, ಜಾಗ ನೋಡಲು ಹೋಗಿದ್ದೆ. ಬೆಳಿಗ್ಗೆ ಚಿಗವ್ವನ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದಾಗ ಆಡು ಕಾಯುವ ತಾತ ಬಂದ. ಹೆಗಲಿಗೆ ರಸಗೊಬ್ಬರದ ಚೀಲದಿಂದ ಹೊಲಿದ ಒಂದು ಕೈಚೀಲ. ಚಿಗವ್ವನ ಅತ್ತೆ ಒಳಗಿಂದ ಮನೆಯ ಫೋನು ತಂದು ಆ ಚೀಲಕ್ಕೆ ಹಾಕಿ, ಅದರ ಮೇಲೆ ಬಟ್ಟೆಯಲ್ಲಿ ಸುತ್ತಿದ ಒಂದು ಜೋಳದ ರೊಟ್ಟಿ ಇಟ್ಟಳು. ತಾತ ಪಕ್ಕದ ಮನೆಗೆ ಹೋದ. ಅಲ್ಲಿಯೂ ಒಂದು ಫೋನು, ಒಂದು ರೊಟ್ಟಿ.

“ತಾತ, ಏನಿದು?” ಎಂದೆ.

“ಫೋನು ಮೇಯಿಸಾಕ ಹೊಡಕೊಂಡು ಹೋಗ್ತೀನವಾ,” ಎಂದ ತಾತ, ಇದನ್ನೂ ಹೇಳಬೇಕೇ ಎಂಬಂತೆ. “ಮನ್ಯಾಗ ಇಟ್ರ ಏನೂ ಬರಂಗಿಲ್ಲ. ಮ್ಯಾಲೆ ಹೋತಂದ್ರ ಟಿಣ್ ಟಿಣ್ ಅಂತ ಎಲ್ಲಾ ಬಂದು ಬೀಳ್ತಾವ. ಸಂಜಿಕಿ ಅವರವರ ಮನಿಗೆ ಕೊಡ್ತೀನಿ.”

“ಯಾರಾದ್ರೂ ಫೋನ್ ಮಾಡಿದ್ರ?”

“ನಾನ ಎತ್ತೀನಿ. ಮನಿಯವರು ಮನ್ಯಾಗ ಅದಾರ್ರಿ, ಫೋನು ಗುಡ್ಡದಾಗ ಐತ್ರಿ, ಏನೈತಿ ನನಗ ಹೇಳ್ರಿ, ಸಂಜಿಕಿ ಮುಟ್ಟಸ್ತೀನಿ ಅಂತೀನಿ.”

ಹಾಸ್ಟೆಲಿನಲ್ಲಿರುವ ಮಕ್ಕಳ ಸುದ್ದಿ, ಬ್ಯಾಂಕಿನ ಸಂದೇಶ, ಉದ್ಯೋಗ ಖಾತ್ರಿ ಕೆಲಸದ ಕರೆ, ಎಲ್ಲ ಹೀಗೆ ಗುಡ್ಡದ ಮೇಲೆ ಬಂದು ಬಿದ್ದು ಚೀಲದಲ್ಲಿ ಇಳಿಯುತ್ತಿದ್ದವು. ಬಾಯಲ್ಲಿ ಪೇಸ್ಟಿನ ನೊರೆ ತುಂಬಿಕೊಂಡು ನಾನು ನಿಂತೇ ಇದ್ದೆ. ನಮ್ಮ ಪ್ರಬಂಧದ ಆ ಶಿಸ್ತಿನ ಯೂಸರ್ ಸಮೂಹ ತಾತನ ಹೆಗಲಿನ ಮೇಲೆ ಕುಳಿತು ಹೊರಟಿತು. ಮುಂದೆ ಆಡುಗಳು.

ಮನೆಯಲ್ಲಿ ಯಾರೂ ಇಲ್ಲ ಎಂದು ಯಾಕೆ ಬಂತು ಎಂಬುದೂ ಆ ಹೊತ್ತಿಗೇ ಹೊಳೆಯಿತು. ಸಂಜೆ ಫೋನುಗಳು ಮನೆಗೆ ಬರುತ್ತಿದ್ದವಲ್ಲ, ಆ ಹೊತ್ತಿನ ದಾಖಲೆ ಎಲ್ಲಿ ಹೋಯಿತು? ಸಿಗ್ನಲ್ ಇಲ್ಲದ ಹೊತ್ತಿನ ಸಾಲುಗಳನ್ನು ನಮ್ಮ ಪ್ರೋಗ್ರಾಂ ‘ಅಪೂರ್ಣ’ ಎಂದು ಎಸೆಯುತ್ತಿತ್ತು. ಸಿಗ್ನಲ್ ಎಲ್ಲಿ ಇಲ್ಲ ಎಂದು ಹುಡುಕಲು ಹೊರಟವರು ಸಿಗ್ನಲ್ ಇಲ್ಲದವರನ್ನೆಲ್ಲ ಲೆಕ್ಕದಿಂದ ತೆಗೆದು, ಉಳಿದವರು ಎಲ್ಲಿದ್ದಾರೆ ಎಂದು ನೋಡಿದ್ದೆವು. ಇಂಥ ಪ್ರೋಗ್ರಾಂ ಬರೆಯಲು ನನಗೆ ಎರಡು ಪದವಿ ಬೇಕಾಗಿದ್ದವು.

“ಇದನ್ನ ನನಗ ಯಾಕ ಹೇಳಲಿಲ್ಲ ಚಿಗವ್ವ?” ಎಂದು ಕೇಳಿದೆ.

“ನೀ ಎಲ್ಲಿ ಕೇಳಿದಿ?” ಎಂದಳು. “ನನ್ನ ಸರ್ಕಾರದ ಫೋನು ಒಂದು ಮೇಯಾಕ ಕಳಿಸಾಕ ಬರಂಗಿಲ್ಲ. ಅದಕ್ಕ ಮುಖಾನ ಬೇಕು. ಇಲ್ಲಂದ್ರ ನಾನೂ ತಾತಗ ಒಂದು ರೊಟ್ಟಿ ಕೊಟ್ಟು ಆರಾಮ ಕುಂದರ್ತಿದ್ದೆ.”

ಮರಳಿದ ಕೂಡಲೇ ಗೈಡ್‌ಗೆ ಎಲ್ಲವನ್ನೂ ಹೇಳಿದೆ. ಅವರು ನಗುತ್ತಾರೆ, ಆಮೇಲೆ ಜಾಲದ ಕಂಪ್ಯೂಟರ್ ಮಾದರಿಗೆ ಹೊಸದಾಗಿ ಕಲಿಸೋಣ ಎನ್ನುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು.

“ಡೇಟಾ ಸುಳ್ಳು ಹೇಳುವುದಿಲ್ಲ. ಡಿವೈಸ್ ಎಲ್ಲಿದೆಯೋ ಅಲ್ಲಿ ಡಿಮ್ಯಾಂಡ್ ಇದೆ,” ಎಂದರು.

“ಸರ್, ಡಿವೈಸ್ ಆಡಿನ ಜೊತೆ ಇದೆ.”

“ಯಾರ ಜೊತೆ ಇದೆ ಎಂಬುದು ಸಮಾಜಶಾಸ್ತ್ರ. ನಮ್ಮದು ಎಂಜಿನಿಯರಿಂಗ್,” ಎಂದರು. “ಬೇಕಿದ್ದರೆ ಥೀಸಿಸ್ಸಿನ ಕೊನೆಗೆ, ಮುಂದೆ ಮಾಡಬೇಕಾದ ಕೆಲಸಗಳು ಎಂಬ ಭಾಗದಲ್ಲಿ ಒಂದು ಸಾಲು ಬರೆಯಿರಿ.”

ಆ ಸಾಲು ಈಗಲೂ ನನ್ನ ಥೀಸಿಸ್ಸಿನಲ್ಲಿದೆ. ಅಲ್ಲಿ ಆಡಿನ ಹೆಸರಿಲ್ಲ, ತಾತನ ಹೆಸರಿಲ್ಲ. ಏನಿದೆ ಎಂದು ಓದಿದರೆ ನನಗೂ ಅರ್ಥವಾಗುವುದಿಲ್ಲ.

ಟ್ಯಾಂಕಿನ ಮೇಲೆ ಪ್ಯಾನೆಲ್ ಕೂಡಿಸಲು ಹೋದದ್ದೂ ನಾನೇ, ಜೊತೆಗೆ ಇಬ್ಬರು ಟೆಕ್ನಿಷಿಯನ್‌ಗಳು. ಕರೆಂಟ್ ಕೆಳಗಿನ ಪಂಪಿನ ಕೋಣೆಯಿಂದ. ಪ್ಯಾನೆಲ್ ಎದುರು ಇರುವ ಕಡೆಗೆ ಮಾತ್ರ ತರಂಗ ಹಾಯಿಸಬಲ್ಲದು, ಬೆನ್ನಿನ ಕಡೆ ಏನೂ ಇಲ್ಲ. ಮಾದರಿ ಹೇಳಿದಂತೆ ಅದರ ಮುಖ ಗುಡ್ಡಕ್ಕೆ, ಬೆನ್ನು ಕಾಲೋನಿಗೆ. ಮೊದಲೇ ಸಿಗ್ನಲ್ ಇದ್ದ ಗುಡ್ಡಕ್ಕೆ ಇನ್ನಷ್ಟು ಸಿಗ್ನಲ್ ಹೋಯಿತು. ಮನೆಮನೆಗೆ ಪ್ರಯೋಗದ ಸಿಮ್ ಕೊಟ್ಟೆವು, ಚಿಗವ್ವನ ಸರ್ಕಾರದ ಫೋನಿಗೂ ಹಳೆಯದನ್ನು ತೆಗೆದು ಒಂದು ಹಾಕಿದೆ. ಮರುದಿನ ಬೆಳಿಗ್ಗೆ ಆ ಸಿಮ್ಮುಗಳೆಲ್ಲ ಚೀಲ ಸೇರಿ ಗುಡ್ಡಕ್ಕೆ ಹೋದವು.

ಚಿಗವ್ವ ಟ್ಯಾಂಕಿನ ಕೆಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಮೇಲೆ ನೋಡಿದಳು.

“ಅದು ಯಾಕ ಆ ಕಡಿ ಮಾರಿ ಮಾಡೇತಿ?”

ಹೇಳಿದೆ. ಆಡುಗಳ ವಿಚಾರವನ್ನು ಸುತ್ತಿ ಬಳಸಿ ಹೇಳಿದೆ.

“ಈ ಕಡಿ ತಿರುವಾಕ ಬರಂಗಿಲ್ಲೇನು?”

ಬರುತ್ತದೆ. ಎರಡು ಬೋಲ್ಟು ಸಡಿಲ ಮಾಡಿ ಕೈಯಿಂದ ತಿರುಗಿಸಿ ಮತ್ತೆ ಬಿಗಿದರೆ ಆಯಿತು. ಅದಕ್ಕೆ ಬೇಕಾದ ಸ್ಪ್ಯಾನರ್ ನನ್ನ ಚೀಲದಲ್ಲೇ ಇತ್ತು. ಆದರೆ ಪ್ರಯೋಗ ಆರು ದಿನದ್ದು. ಆರೂ ದಿನ ಪ್ಯಾನೆಲ್ ಅಲುಗದೆ ನಿಂತರೆ ಮಾತ್ರ ನನ್ನ ಥೀಸಿಸ್ಸಿನ ಕೊನೆಯ ಅಧ್ಯಾಯ ಪೂರ್ತಿಯಾಗುತ್ತಿತ್ತು. “ದೊಡ್ಡವರು ಬಂದು ನೋಡಿ ಹೋಗಲಿ ಚಿಗವ್ವ, ಆಮೇಲೆ ತಿರುವೋಣು,” ಎಂದೆ. ಆ ತಿಂಗಳ ಹಂಚಿಕೆಗೆ ಕಡೆಯ ದಿನ ಹತ್ತಿರ ಬಂದಿತ್ತು. ಬಸುರಿಯರಲ್ಲಿ ಒಬ್ಬಳಿಗೆ ಎಂಟು ತುಂಬಿ ಕಾಲು ಬಾತಿದ್ದವು. ಅದನ್ನು ಚಿಗವ್ವ ಹೇಳಿದಳು, ನಾನು ಕೇಳಿಸಿಕೊಂಡೆ.

ಐದನೆಯ ದಿನ ದೊಡ್ಡವರು ಮೂರು ಕಾರುಗಳಲ್ಲಿ ಬಂದರು. ಗೈಡ್, ಬೇರೆ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು, ಅನುದಾನದ ಕಡೆಯಿಂದ ಕನ್ನಡ ಬಾರದ ಒಬ್ಬರು. ಅವರಿಗೆಂದು ಕೂಡ್ಲಿಗಿಯಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದ್ದೆ. ಗುಡ್ಡದ ಬುಡದಲ್ಲಿ ಶಾಮಿಯಾನ ಹಾಕಿ, ಗೈಡ್ ಒಂದು ದೊಡ್ಡ ಪರದೆ ನಿಲ್ಲಿಸಿದರು. ಪರದೆಯ ಮೇಲೆ ತರಂಗ ಹಸಿರು ನಾಲಿಗೆಯ ಹಾಗೆ ಗುಡ್ಡದ ಕಡೆ ಚಾಚಿತ್ತು. ಯೂಸರ್‌ಗಳು ಅತ್ತಿತ್ತ ಸರಿದಂತೆ ಅದೂ ಸರಿಯಬೇಕು.

ಕಾರ್ಯಕ್ರಮ ಶುರುವಾಗುವ ಮುಂಚೆ ಗೈಡ್ ನನ್ನನ್ನು ಪಕ್ಕಕ್ಕೆ ಕರೆದರು. “ಆ ಅಜ್ಜನಿಗೆ ಹೇಳಿ, ಇವತ್ತು ಆಡುಗಳನ್ನು ಸ್ವಲ್ಪ ಎಡಕ್ಕೆ ಹೊಡೆಯಲಿ. ಬೀಮ್ ತಿರುಗುವುದು ಚೆನ್ನಾಗಿ ಕಾಣುತ್ತದೆ.”

ಅಂದರೆ ಅವರಿಗೆ ಎಲ್ಲ ಗೊತ್ತಿತ್ತು. ಎಂಜಿನಿಯರಿಂಗು, ಸಮಾಜಶಾಸ್ತ್ರ ಎಂದದ್ದೆಲ್ಲ ನನ್ನ ಬಾಯಿ ಮುಚ್ಚಿಸಲು. ಅದುವರೆಗೆ ಅವರನ್ನು ಹಲಗೆಯ ಆಚೆಗೆ ಏನೂ ಕಾಣದ ಮನುಷ್ಯ ಎಂದುಕೊಂಡು ಒಂದಿಷ್ಟು ಕ್ಷಮಿಸಿದ್ದೆ. ಆವತ್ತು ಕ್ಷಮಿಸಲು ಏನೂ ಉಳಿಯಲಿಲ್ಲ. ಆದರೂ ಹೋಗಿ ತಾತನಿಗೆ ಹೇಳಿದೆ.

“ನಾ ಹೇಳಿದ ಕಡಿ ಹೋಗಾಕ ಅವೇನು ನಿಮ್ಮ ಸಾಲಿ ಮಾಸ್ತರೇನವಾ?” ಎಂದು ತಾತ ನಕ್ಕ. “ನೋಡೂಣು.”

ಆಡುಗಳು ಎಡಕ್ಕೆ ಹೋಗಲಿಲ್ಲ. ಅರ್ಧ ಗಂಟೆ ಬಂಡೆಯ ಮರೆಯಲ್ಲಿ ನಿಂತಿದ್ದು, ಒಮ್ಮೆಲೇ ಬಲಕ್ಕೆ ನುಗ್ಗಿ ಯಾರದೋ ಶೇಂಗಾ ಹೊಲಕ್ಕೆ ಇಳಿದವು. ತಾತ ಬೈಯುತ್ತ ಕೋಲು ಎತ್ತಿಕೊಂಡು ಅವುಗಳ ಹಿಂದೆ ಓಡಿದ. ಹೆಗಲಿನ ಚೀಲದಲ್ಲಿ ಊರಿನ ಫೋನುಗಳೂ ಓಡಿದವು. ಶಾಮಿಯಾನದಲ್ಲಿ ಹಸಿರು ನಾಲಿಗೆ ಸರ್ರನೆ ಬಲಕ್ಕೆ ಹೊರಳಿತು. ಪ್ರಾಧ್ಯಾಪಕರು ಮಿರ್ಚಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಇಷ್ಟು ವೇಗವಾಗಿ ಯೂಸರ್‌ಗಳನ್ನು ಹಿಂಬಾಲಿಸುವ ಜಾಲವನ್ನು ತಾವು ಕಂಡಿಲ್ಲ ಎಂದು ಒಬ್ಬರು ಎದ್ದು ನಿಂತು ಹೇಳಿದರು.

ಅದೇ ಹೊತ್ತಿಗೆ ಚಿಗವ್ವ ಬಂದಳು. ಹಿಂದೆ ನಾಲ್ವರು ಬಸುರಿಯರು. ನಮ್ಮ ಗದ್ದಲ ಮುಗಿಯುವವರೆಗೆ ಕಾಯಲು ಅವಳಿಗೆ ಆಗಿರಲಿಲ್ಲ. ಕಾಲು ಬಾತಿದ್ದ ಹುಡುಗಿ ಎಲ್ಲರಿಗಿಂತ ಹಿಂದೆ, ಒಂದೊಂದು ಕಲ್ಲಿಗೂ ಕೈಯೂರಿ ಹತ್ತುತ್ತಿದ್ದಳು. ನಮ್ಮ ಸಿಗ್ನಲ್ ಆಗಷ್ಟೇ ಶೇಂಗಾ ಹೊಲಕ್ಕೆ ಹೋಗಿತ್ತು. ಬಂಡೆಯ ಮೇಲೆ ನಿಂತು ಅವಳು ಮೂರು ಸಲ ಕಣ್ಣು ಮಿಟುಕಿಸಿದಳು, ಮೂರು ಸಲವೂ ಫೋನಿನಲ್ಲಿ ಚಕ್ರ ತಿರುಗುತ್ತಲೇ ಉಳಿಯಿತು. ಅನುದಾನದವರು ಇದನ್ನು ಕಂಡು ಸಂತೋಷಪಟ್ಟು ಅವಳ ಫೋಟೊ ತೆಗೆದುಕೊಂಡರು.

ಚಿಗವ್ವ ನೇರವಾಗಿ ಶಾಮಿಯಾನಕ್ಕೆ ಬಂದಳು. ಕೈ ಮುಗಿದು, ಏರಿಸದ ದನಿಯಲ್ಲಿ, ಗೈಡ್‌ಗೆ ಕೇಳಿದಳು:

“ಸರ, ಆಡಿಗೆ ಸಿಗ್ನಲ್ ಯಾಕ್ರಿ? ನಮ್ಮ ಹುಡಿಗ್ಯಾರಿಗೆ ಕೊಡ್ರಿ.”

ಗೈಡ್ ತಟ್ಟೆಯಲ್ಲಿದ್ದ ಮಂಡಕ್ಕಿ ನೋಡತೊಡಗಿದರು. ಅನುದಾನದವರು ನನ್ನ ಕಡೆ ತಿರುಗಿ, ಈಕೆ ಏನು ಹೇಳುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಭಾಷೆ ಬರುತ್ತದೆ ಎಂದೇ ನನ್ನನ್ನು ಕರೆತಂದದ್ದು.

ನಿಮಗೆಲ್ಲ ಧನ್ಯವಾದ ಹೇಳುತ್ತಿದ್ದಾಳೆ ಎಂದೆ.

ಅವರು ಚಿಗವ್ವನಿಗೆ ಕೈ ಮುಗಿದರು. ಚಿಗವ್ವ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಸೆರಗು ಸರಿಮಾಡಿಕೊಂಡು ಹೆಂಗಸರ ಕಡೆಗೆ ಹೋದಳು. ಗೈಡ್ ಆ ದಿನ ನನಗೆ ಮೊದಲ ಬಾರಿಗೆ ‘ವೆರಿ ಗುಡ್’ ಎಂದರು.

ಆರನೆಯ ದಿನ ಊರಲ್ಲಿ ನಾನೊಬ್ಬಳೇ ಉಳಿದಿದ್ದೆ. ಮರುದಿನ ಬೆಳಿಗ್ಗೆ ಟೆಕ್ನಿಷಿಯನ್‌ಗಳು ಬಂದು ಪ್ಯಾನೆಲ್ ಬಿಚ್ಚಿಕೊಂಡು ಹೋಗುವವರಿದ್ದರು. ಹಂಚಿಕೆಗೂ ಆ ಆರನೆಯ ದಿನವೇ ಕಡೆಯದು. ಮಧ್ಯಾಹ್ನದ ಊಟಕ್ಕೆ ಚಿಗವ್ವ ಎಂದಿನಂತೆ ಬಡಿಸಿದಳು, ಎಂದಿನಂತೆ ಇನ್ನೊಂದು ರೊಟ್ಟಿ ಹಾಕಿದಳು, ಹಿಂದಿನ ದಿನದ ಮಾತು ಎತ್ತಲಿಲ್ಲ. ಬೈದಿದ್ದರೆ ಬಹುಶಃ ಸುಮ್ಮನಿರುತ್ತಿದ್ದೆ. ಅರ್ಧ ಊಟಕ್ಕೆ ಎದ್ದು ಹೋಗಿ ಟ್ಯಾಂಕು ಹತ್ತಿದೆ. ಬೋಲ್ಟುಗಳು ಬಿಸಿಲಿಗೆ ಕಾದು ಕೈ ಸುಡುತ್ತಿದ್ದವು. ಸಡಿಲ ಮಾಡಿ, ಪ್ಯಾನೆಲ್ಲಿನ ಮುಖವನ್ನು ಕಾಲೋನಿಗೆ ತಿರುಗಿಸಿ ಬಿಗಿದೆ. ಐದು ನಿಮಿಷವೂ ಹಿಡಿಯಲಿಲ್ಲ.

ಕೆಳಗೆ ಬಂದು ಚಿಗವ್ವನಿಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಅಂಗನವಾಡಿಯ ಚಾಪೆಯ ಮೇಲೆ ಹೆಂಗಸರು ಸೇರುತ್ತಿದ್ದರು. ಚಿಗವ್ವ ಒಬ್ಬೊಬ್ಬರ ಮುಂದೆ ಫೋನು ಹಿಡಿದಳು. ಮುಖ ಕಂಡಿತು, ಕಣ್ಣು ಮಿಟುಕಿಸಿದರು, ಹಸಿರು ಗುರುತು ಬಂತು. ಬಾಣಂತಿಯೊಬ್ಬಳು ಮಗುವಿಗೆ ಹಾಲು ಕುಡಿಸುತ್ತಲೇ ಮುಖ ಎತ್ತಿ ತೋರಿಸಿದಳು. ಕಾಲು ಬಾತಿದ್ದ ಹುಡುಗಿ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದಳು. ಅವಳದು ಒಂದೇ ಸಲಕ್ಕೆ ಆಯಿತು.

“ಮುಗೀತೇನು? ಇಷ್ಟನ?” ಎಂದಳು ಅವಳು.

“ಇಷ್ಟ,” ಎಂದಳು ಚಿಗವ್ವ. ಕಾಳಿನ ಪೊಟ್ಟಣ ಅವಳ ಮಡಿಲಿಗೆ ಹಾಕಿದಳು. ಒಂದು ಗಂಟೆಯಲ್ಲಿ ಹನ್ನೊಂದು ಜನರದೂ ಮುಗಿಯಿತು. ನಮ್ಮ ಜಾಲ ಹುಟ್ಟಿದಾಗಿನಿಂದ ಮಾಡಿದ ಬುದ್ಧಿವಂತ ಕೆಲಸ ಅದೊಂದೇ. ಅದನ್ನೂ ನಾನು ಕೈಯಿಂದ ಮಾಡಿಸಿದ್ದೆ.

ಅಷ್ಟರಲ್ಲಿ ಗೈಡ್ ಫೋನ್ ಬಂತು, ಅಂಗನವಾಡಿಯೊಳಗೇ, ಎಲ್ಲ ಕಡ್ಡಿಗಳೂ ತುಂಬಿದ ಸಿಗ್ನಲ್ಲಿನಲ್ಲಿ. ಗ್ರಾಫ್ ಯಾಕೆ ಬಿದ್ದುಹೋಗಿದೆ, ಗುಡ್ಡದ ಯೂಸರ್‌ಗಳು ಎಲ್ಲಿ ಹೋದರು, ಪ್ಯಾನೆಲ್ ಏನಾದರೂ ವಾಲಿದೆಯೇ ಎಂದು ಕೇಳಿದರು. ಜನ ಇಲ್ಲಿದ್ದಾರೆ ಸರ್, ಚಾಪೆಯ ಮೇಲೆ ಕುಳಿತಿದ್ದಾರೆ ಎಂದು ಹೇಳುವ ಮಾತು ನಾಲಿಗೆಯ ತುದಿಯವರೆಗೆ ಬಂತು. “ನೋಡ್ತೀನಿ ಸರ್,” ಎಂದೆ. ಹೋಗಿ ಟ್ಯಾಂಕು ಹತ್ತಿ ಪ್ಯಾನೆಲ್ಲನ್ನು ಮತ್ತೆ ಗುಡ್ಡಕ್ಕೆ ತಿರುಗಿಸಿದೆ. ಇಳಿದಾಗ ಚಿಗವ್ವ ಅಂಗನವಾಡಿಗೆ ಬೀಗ ಹಾಕುತ್ತಿದ್ದಳು.

ಆ ಒಂದು ಗಂಟೆಯನ್ನು ತೆಗೆದುಹಾಕಿ ಎಂದು ಗೈಡ್ ಹೇಳಿದರು. ತೆಗೆದುಹಾಕಿದೆ. ಅಧ್ಯಾಯ ಪೂರ್ತಿಯಾಯಿತು.

ಕೊನೆಯ ಮೌಖಿಕ ಪರೀಕ್ಷೆ ಸಾರ್ವಜನಿಕವಾಗಿತ್ತು, ಮನೆಯವರೂ ಬಂದು ಕೂರಬಹುದು. ಅಪ್ಪ, ಅವ್ವ ಬಂದರು. ಅಂಗನವಾಡಿಗೆ ರಜೆ ಹಾಕಿ, ಮದುವೆಗೆ ಉಡುವ ಸೀರೆ ಉಟ್ಟು ಚಿಗವ್ವನೂ ಬಂದಳು. ಕಾಲು ಬಾತಿದ್ದ ಹುಡುಗಿಗೆ ಹೆಣ್ಣು ಕೂಸು ಆಗಿದೆ, ಇನ್ನೂ ಬಾಣಂತಿ, ಈಗ ಕೂಸನ್ನು ಎತ್ತಿಕೊಂಡೇ ಗುಡ್ಡ ಹತ್ತುತ್ತಾಳೆ ಎಂದು ಬಾಗಿಲಲ್ಲೇ ಹೇಳಿದಳು. ಮೂವರೂ ಹಿಂದಿನ ಸಾಲಿನಲ್ಲಿ ಕುಳಿತರು. ನಾನು ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ. ಅವರು ಒಂದು ಪದವೂ ತಿಳಿಯದೆ, ಕಣ್ಣು ಕೀಳದೆ ಕೇಳಿದರು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಒಬ್ಬರು ಚೂಟಿಯಿದ್ದರು. ಕೊನೆಯ ಅಧ್ಯಾಯದ ಚಿತ್ರ ತೋರಿಸಿ, ಆರನೆಯ ದಿನ ಮಧ್ಯಾಹ್ನ ಒಂದು ಗಂಟೆಯಷ್ಟು ಗೆರೆಯೇ ಇಲ್ಲ, ಯಾಕೆ ಎಂದು ಕನ್ನಡದಲ್ಲೇ ಕೇಳಿದರು. ಇಡೀ ಥೀಸಿಸ್ಸಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಗೈಡ್ ನನ್ನ ಕಡೆ ನೋಡಲಿಲ್ಲ.

“ಪವರ್ ಕಟ್, ಸರ್,” ಎಂದೆ.

ಪರೀಕ್ಷಕರು ತಲೆಯಾಡಿಸಿದರು. ಆ ಕಡೆಯ ಹಳ್ಳಿಗಳಲ್ಲಿ ಇದು ಇದ್ದದ್ದೇ, ಪಾಪ, ಎಷ್ಟು ಕಷ್ಟದಲ್ಲಿ ಕೆಲಸ ಮಾಡಿದ್ದೀರಿ ಎಂದು ಮರುಕದಿಂದ ನಕ್ಕರು. ಉಳಿದವರೂ ನಕ್ಕರು, ನಾನೂ ನಕ್ಕೆ. ಇನ್ನೊಂದು ಪ್ರಶ್ನೆ ಕೇಳಿ ಮುಗಿಸಿದರು. ಡಾಕ್ಟರೇಟ್‌ಗೆ ಶಿಫಾರಸು ಮಾಡಿದ್ದೇವೆ ಎಂದು ಘೋಷಿಸಿದಾಗ ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹೊರಗೆ ಹೂವಿನ ಕುಂಡಗಳ ಹತ್ತಿರ ಎಲ್ಲರೂ ನಿಂತಿದ್ದೆವು. ಅವ್ವ ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು. ಚಿಗವ್ವ ಹತ್ತಿರ ಬಂದು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಂಗ್ಲಿಷಿನಲ್ಲಿ ಅವಳಿಗೆ ಅರ್ಥವಾದದ್ದು ಎರಡೇ ಪದಗಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಮರೆತಿದ್ದೇನೆ ಎಂದುಕೊಂಡು, ಬೇರೆಯವರಿಗೆ ಕೇಳದಂತೆ, ನೆನಪು ಮಾಡಿಕೊಟ್ಟಳು.

“ಅವತ್ತು ಕರೆಂಟ್ ಇತ್ತಲ್ಲವಾ.”